ಮಲೆನಾಡಿನ ತೋಟದಲ್ಲಿ ಮಕ್ಕಳ ಬೇಸಿಗೆ ರಜೆ: ಯಾವುದಕ್ಕೆ ಹೆದರಬೇಕು?

ಪ್ರಶ್ನೆ: ನಾವು ಗಂಡ-ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಮಗಳಿಗೆ 9 ವರ್ಷ, ಮಗನಿಗೆ 5, ಅವನ ತೂಕ 17 ಕಿಲೋ. ಏಪ್ರಿಲ್ ಮಧ್ಯದಿಂದ ಮೇ ಮೂರನೇ ವಾರದವರೆಗೆ ಇಬ್ಬರನ್ನೂ ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ನನ್ನ ಅಣ್ಣನ ಮನೆಗೆ ಕಳಿಸುವ ಯೋಚನೆ. ಅಡಿಕೆ ತೋಟದ ಮನೆ, ಹಿಂದೆ ಕಾಡು. ಹಾವು, ಮಂಗನ ಕಾಯಿಲೆ ಎಂದು ನಮ್ಮ ಯಜಮಾನರು ಒಪ್ಪುತ್ತಿಲ್ಲ. ಅಣ್ಣ ನೋಡಿದರೆ ‘ನಾವೆಲ್ಲ ಹೀಗೇ ಬೆಳೆದವರಲ್ಲವೇನೇ’ ಎಂದು ನಗುತ್ತಾನೆ. ತೋಟದ ತಲೆಯಲ್ಲಿ ಎರಡು ವರ್ಷದ ಹಿಂದೆ ಹೊಂಡ ಮಾಡಿಸಿ ಪ್ಲಾಸ್ಟಿಕ್ ಹೊದಿಸಿದ್ದಾನೆ. ಅತ್ತಿಗೆಗೆ ಅಡುಗೆ, ಕೊಟ್ಟಿಗೆ ಎರಡೂ ಕೆಲಸ. ಆದರೆ ಮಗಳು ಜವಾಬ್ದಾರಿಯವಳು, ತಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಕಳಿಸಬಹುದೇ? ಯಾವ ಔಷಧಿ ಕೊಟ್ಟು ಕಳಿಸಲಿ? ಅಥವಾ ಇಲ್ಲೇ ಬೇಸಿಗೆ ಶಿಬಿರಕ್ಕೆ ಸೇರಿಸುವುದು ವಾಸಿಯೇ?

ಉತ್ತರ: ಕಳಿಸಬಹುದು. ಆದರೆ ನೀವು ಬರೆದಿರುವ ಏರ್ಪಾಡಿನಲ್ಲೇ ಬೇಡ. ನಿಮ್ಮ ಮನೆಯವರ ಭಯ ಹಾವಿನ ಮೇಲೆ, ಮಂಗನ ಕಾಯಿಲೆಯ ಮೇಲೆ. ಹೊಂಡದ ವಿಷಯ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಮಕ್ಕಳ ವೈದ್ಯರಾಗಿ ನಾವು ಆ ಪಟ್ಟಿಯನ್ನು ತಲೆಕೆಳಗು ಮಾಡಿ ಓದುತ್ತೇವೆ: ಮೊದಲು ನೀರು, ಆಮೇಲೆ ಮನೆಯೊಳಗಿನ ವಿಷದ ಡಬ್ಬಗಳು, ಆಮೇಲೆ ಮಂಗನ ಕಾಯಿಲೆ, ಕೊನೆಗೆ ಹಾವು. ರಜೆಯಲ್ಲಿ ನೆಂಟರ ಊರಿಗೆ ಹೋದ ಮಕ್ಕಳು ನೀರಿಗೆ ಬಿದ್ದ ಸುದ್ದಿ ಬಾರದ ಬೇಸಿಗೆಯೇ ಇಲ್ಲ.

ಹೊಂಡದಿಂದಲೇ ಶುರು ಮಾಡೋಣ. ಹಳೆಯ ಮಣ್ಣಿನ ಕೆರೆಗೆ ದಂಡೆ ಇರುತ್ತದೆ, ನಿಧಾನವಾಗಿ ಆಳವಾಗುತ್ತದೆ, ಹಿಡಿಯಲು ಹುಲ್ಲೋ ಬೇರೋ ಸಿಗುತ್ತದೆ. ಪ್ಲಾಸ್ಟಿಕ್ ಹೊದಿಸಿದ ಹೊಂಡದಲ್ಲಿ ಇದ್ಯಾವುದೂ ಇಲ್ಲ. ಸಾಮಾನ್ಯವಾಗಿ 3 ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು. ಎರಡು ವರ್ಷ ಕಳೆಯುವಷ್ಟರಲ್ಲಿ ಹಾಳೆಯ ಮೇಲೆ ತೆಳುವಾಗಿ ಪಾಚಿ ಕಟ್ಟಿರುತ್ತದೆ. ಅದರ ಮೇಲೆ ಒದ್ದೆ ಕಾಲಿಟ್ಟರೆ ಈಜು ಬಲ್ಲ ದೊಡ್ಡವರೂ ಮೇಲೆ ಹತ್ತಲಾರರು. ಒಂದು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಜಾರುತ್ತಾರೆ. ಎತ್ತಲು ಹೋದವರೂ ಒಳಗೇ ಉಳಿಯುವುದು ಇದೇ ಕಾರಣಕ್ಕೆ. ಏಪ್ರಿಲ್‌ನಲ್ಲಿ ನೀರು ಕಡಿಮೆ ಇರುತ್ತದೆ, ಭಯವಿಲ್ಲ ಎಂಬ ಸಮಾಧಾನವೂ ಸಲ್ಲದು. ನೀರು ಇಳಿದಷ್ಟೂ ಮೇಲೆ ಬರಲು ಹತ್ತಬೇಕಾದ ಜಾರು ಗೋಡೆ ಉದ್ದವಾಗುತ್ತದೆ. 5 ವರ್ಷದ ಮಗುವಿಗೆ 3 ಅಡಿ ನೀರೂ ಕುತ್ತಿಗೆಯ ಹತ್ತಿರ ಬರುತ್ತದೆ.

ಹಾಗಾಗಿ ಮಕ್ಕಳು ಬಸ್ಸು ಹತ್ತುವ ಮೊದಲೇ ಅಣ್ಣ ಹೊಂಡದ ಸುತ್ತ ಬೇಲಿ ಮುಗಿಸಿರಬೇಕು. ಮಲೆನಾಡಿನಲ್ಲಿ ಇದಕ್ಕೆ ದೊಡ್ಡ ಖರ್ಚಿಲ್ಲ, ಅಡಿಕೆ ಮರ ಸೀಳಿದ ದಬ್ಬೆ ಸಾಕು. ಎತ್ತರ ಕನಿಷ್ಠ 4 ಅಡಿ, ದಬ್ಬೆಗಳ ನಡುವಿನ ಸಂದು 4 ಇಂಚು ಮೀರಬಾರದು. ದಬ್ಬೆಗಳನ್ನು ನೇರ ನಿಲ್ಲಿಸಿ, ಅಡ್ಡಪಟ್ಟಿಯನ್ನು ಹೊಂಡದ ಕಡೆಗೆ ಕಟ್ಟಬೇಕು; ಹೊರಗಡೆ ಕಟ್ಟಿದರೆ ಅದೇ ಮಕ್ಕಳಿಗೆ ಏಣಿಯಾಗುತ್ತದೆ. ಬಾಗಿಲಿನ ಚಿಲಕ ಒಳಮುಖದಲ್ಲಿ, ಮೇಲ್ತುದಿಯಲ್ಲಿರಲಿ. ಆಮೇಲೆ ನಾಲ್ಕೂ ದಂಡೆಯಲ್ಲಿ ಗೂಟ ಹೊಡೆದು, ಒಂದೊಂದು ಅಡಿಗೆ ಗಂಟು ಹಾಕಿದ ಬೆರಳು ದಪ್ಪದ ಹಗ್ಗವನ್ನು ನೀರಿನ ತಳದವರೆಗೆ ಇಳಿಬಿಡಬೇಕು. ಗಂಟಿಲ್ಲದ ನೈಲಾನ್ ಹಗ್ಗ ಒದ್ದೆ ಕೈಗೆ ನಿಲ್ಲುವುದಿಲ್ಲ. ಮುಚ್ಚಳ ಬಿಗಿದ 20 ಲೀಟರ್ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಬೇಲಿಗೇ ನೇತುಹಾಕಿದರೆ ಎಸೆಯಲು ತೇಲುವ ವಸ್ತುವೊಂದು ಕೈಗೆಟುಕುವಂತಿರುತ್ತದೆ. ಇಷ್ಟು ಮಾಡಲು ಇಬ್ಬರು ಆಳಿಗೆ ಒಂದೆರಡು ದಿನದ ಕೆಲಸ. ‘ಹೇಳಿದರೆ ಮಕ್ಕಳು ಆ ಕಡೆ ಹೋಗಲ್ಲ’ ಎಂದು ಅಣ್ಣ ಹೇಳಿದರೆ ದಯವಿಟ್ಟು ಒಪ್ಪಬೇಡಿ. 5 ವರ್ಷದ ಹುಡುಗ ಚೆಂಡಿನ ಹಿಂದೆ ಓಡುವಾಗ ಹೇಳಿದ್ದು ನೆನಪಿಡುವುದಿಲ್ಲ.

ಬಾವಿಗೆ 3 ಅಡಿಗಿಂತ ಎತ್ತರದ ಕಟ್ಟೆ, ಮೇಲೊಂದು ಕಬ್ಬಿಣದ ಜಾಲರಿ ಇದೆಯೇ ಕೇಳಿ. ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಜಾಗ ಗೋಬರ್ ಗ್ಯಾಸಿನ ಬಗ್ಗಡದ ಗುಂಡಿ. ಬೇಸಿಗೆಯಲ್ಲಿ ಅದರ ಮೇಲ್ಪದರ ಒಣಗಿ ಅಂಗಳದ ನೆಲದ ಹಾಗೇ ಕಾಣುತ್ತದೆ, ಒಂದೆರಡು ಹುಲ್ಲೂ ಚಿಗುರಿರುತ್ತದೆ. ಅಡಿಯಲ್ಲಿ ಎದೆಮಟ್ಟದ ರಾಡಿ. ದನಕರು ಕಂಡರೆ ಹಿಗ್ಗುವ ಪೇಟೆಯ ಮಕ್ಕಳು ಮೊದಲ ದಿನವೇ ಕೊಟ್ಟಿಗೆಯ ಹಿಂದೆ ಓಡಾಡುತ್ತಾರೆ. ಹಲಗೆ ಮುಚ್ಚಿ ಮೇಲೆ ಕಲ್ಲು ಹೇರುವುದೊಂದೇ ದಾರಿ.

ಹಳ್ಳದಲ್ಲಿ ಆಡಲಿ, ಅದಿಲ್ಲದೆ ಮಲೆನಾಡಿಗೆ ಹೋಗಿ ಏನು ಪ್ರಯೋಜನ? ನೀರು ಮಗುವಿನ ಸೊಂಟ ಮೀರಬಾರದು, ದೊಡ್ಡವರೊಬ್ಬರು ದಡದಲ್ಲಲ್ಲ, ನೀರಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಉಸಿರಿಗೇ ತೆರಪಿಲ್ಲದಾಗ ಕೂಗುವುದೆಲ್ಲಿ ಬಂತು? ಎರಡು ಮೂರು ನಿಮಿಷದಲ್ಲಿ ಸದ್ದಿಲ್ಲದೆ ಎಲ್ಲ ಮುಗಿದಿರುತ್ತದೆ. ತುಂಗೆಗೆ, ಹಿನ್ನೀರಿಗೆ ಇಳಿಸುವುದು ಬೇಡವೇ ಬೇಡ. ಮರಳು ತೆಗೆದ ಗುಂಡಿ ಮೇಲಿಂದ ಕಾಣುವುದಿಲ್ಲ.

ಅಕಸ್ಮಾತ್ ಆದರೆ ಏನು ಮಾಡಬೇಕೆಂಬುದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗು ತಿರುಗಿಸುವುದು ಇಂದಿಗೂ ನಡೆಯುತ್ತಿದೆ. ಅದರಿಂದ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷಗಳೂ ಹಾಳು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು 5 ಬಾರಿ ಊದಬೇಕು, ಎದೆ ಮೇಲೇಳುವುದು ಕಾಣಬೇಕು. ಆಮೇಲೆ ಎದೆಯ ನಡುವೆ ಅಂಗೈಯಿಂದ 30 ಸಲ, ಸುಮಾರು 5 ಸೆಂಟಿಮೀಟರ್ ತಗ್ಗುವಂತೆ, ಸೆಕೆಂಡಿಗೆ ಎರಡರಂತೆ ಒತ್ತಿ 2 ಸಲ ಊದುವುದು. ಉಸಿರು ಮರಳುವವರೆಗೆ ಅಥವಾ ಆಸ್ಪತ್ರೆ ತಲುಪುವವರೆಗೆ ಇದೇ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಶುರುವಾಗಬಹುದು.

ಇನ್ನು ನಿಮ್ಮ ಮಗಳ ವಿಷಯ. ‘ಅಕ್ಕ ಇದ್ದಾಳಲ್ಲ’ ಎಂಬ ನಂಬಿಕೆಯ ಮೇಲೇ ನಿಮ್ಮ ಏರ್ಪಾಡು ನಿಂತಿದೆ, ನನಗೆ ಹೆಚ್ಚು ಕಳವಳ ತಂದಿರುವುದೂ ಅದೇ. 9 ವರ್ಷದ ಹುಡುಗಿ ತಮ್ಮನಿಗೆ ತಿಂಡಿ ತಿನ್ನಿಸಬಲ್ಲಳು, ಚಪ್ಪಲಿ ಹಾಕಿಸಬಲ್ಲಳು, ಅಮ್ಮನ ನೆನಪಾಗಿ ಅತ್ತರೆ ಪಕ್ಕದಲ್ಲಿ ಮಲಗಿಸಿಕೊಳ್ಳಬಲ್ಲಳು. ಕಾವಲು ಬೇರೆ ಕೆಲಸ. ಅದಕ್ಕೆ ಆಟ ಬಿಟ್ಟು ಗಂಟೆಗಟ್ಟಲೆ ಒಂದೇ ಕಡೆ ಗಮನ ಇಡಬೇಕು, ಅಪಾಯವನ್ನು ಮುಂಚೆಯೇ ಊಹಿಸಬೇಕು. ಆ ವಯಸ್ಸಿಗೆ ಅದು ಸಾಧ್ಯವಿಲ್ಲ, ಎಷ್ಟೇ ಜಾಣೆಯಾದರೂ. ತಮ್ಮ ನೀರಿಗೆ ಬಿದ್ದರೆ ಅಕ್ಕ ಹಿಂದೆಯೇ ಹಾರುತ್ತಾಳೆ. ಒಂದೇ ಮನೆಯ ಇಬ್ಬರು ಮಕ್ಕಳು ಒಟ್ಟಿಗೆ ಹೋಗುವುದು ಹಾಗೆಯೇ. ಅವಳಿಗೆ ಕಲಿಸಬೇಕಾದದ್ದು ಇಷ್ಟೇ: ನೀರಿಗೆ ಇಳಿಯಬಾರದು, ಹಗ್ಗ ಅಥವಾ ಕ್ಯಾನು ಎಸೆಯಬೇಕು, ಕೂಗುತ್ತಾ ಓಡಬೇಕು. ತಮ್ಮನಿಗೆ ಏನಾದರೂ ಆದರೆ ಅವಳನ್ನು ಯಾರೂ ಕೇಳುವುದಿಲ್ಲ ಎಂಬುದನ್ನೂ ಹೊರಡುವ ಮೊದಲು ನೀವೇ ಬಾಯಿಬಿಟ್ಟು ಹೇಳಿ. ಹೊಣೆ ದೊಡ್ಡವರದ್ದು, ಅದೂ ಹೆಸರು ಹಿಡಿದು ಹಂಚಿದ ಹೊಣೆ: ಬೆಳಿಗ್ಗೆ ತಿಂಡಿಯಿಂದ ಊಟದವರೆಗೆ ಯಾರು, ಊಟದಿಂದ ಕಾಫಿಯವರೆಗೆ ಯಾರು. ಅತ್ತಿಗೆ ಹಾಲು ಕರೆಯುವ ಹೊತ್ತು, ದೊಡ್ಡವರು ಮಧ್ಯಾಹ್ನ ಅಡ್ಡಾಗುವ ಹೊತ್ತು, ಈ ಎರಡು ಸಮಯಕ್ಕೆ ಮೊದಲು ಉತ್ತರ ಸಿಗಬೇಕು.

‘ನಾವೆಲ್ಲ ಹೀಗೇ ಬೆಳೆದವರು’ ಎನ್ನುವ ಅಣ್ಣನ ಮಾತು ಸುಳ್ಳಲ್ಲ. ಆದರೆ ಅವರು ಬೆಳೆದ ತೋಟದಲ್ಲಿ ಪ್ಲಾಸ್ಟಿಕ್ ಹೊಂಡ, ಕಳೆ ಕೊಚ್ಚುವ ಯಂತ್ರ, ಕಳೆನಾಶಕದ ಕ್ಯಾನು ಇರಲಿಲ್ಲ. ಮನೆ ತುಂಬ ಜನ ಇದ್ದರು. ಅಲ್ಲಿಯೇ ಹುಟ್ಟಿದ ಮಗು ನಡೆಯಲು ಕಲಿಯುವಾಗಲೇ ಯಾವ ಕಲ್ಲು ಅಲುಗಾಡುತ್ತದೆ, ಎಲ್ಲಿ ಸಂಕ ಜಾರುತ್ತದೆ ಎಂದು ಕಲಿಯುತ್ತದೆ. ನಿಮ್ಮ ಮಕ್ಕಳು ಒಂದು ಮುಂಜಾನೆ ಬಸ್ಸಿಳಿದು ನೇರ ಅದರ ಮಧ್ಯಕ್ಕೆ ಬರುತ್ತಾರೆ. ಮೊದಲ ಮೂರು ನಾಲ್ಕು ದಿನ ನಿಮ್ಮಲ್ಲೊಬ್ಬರು ಅಲ್ಲೇ ಇದ್ದು, ಮಕ್ಕಳ ಜೊತೆ ತೋಟದ ಗಡಿ ಸುತ್ತಿ, ಇಲ್ಲಿಂದಾಚೆ ಒಬ್ಬರೇ ಹೋಗಬಾರದು ಎಂದು ಮರ, ಕಲ್ಲು ತೋರಿಸಿ ಗುರುತು ಹಾಕಿ ಬರುವುದು ಅದಕ್ಕೇ.

ಈಗ ಮಂಗನ ಕಾಯಿಲೆ. ಇದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ವೈರಸ್ ಜ್ವರ. ಮಂಗ ಕಚ್ಚಿದರೆ ಬರುವುದಲ್ಲ, ಮಂಗವನ್ನು ನೋಡಿದರೂ ಬರುವುದಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡುವುದೂ ಇಲ್ಲ. ಹರಡುವುದು ಸೋಂಕಿತ ಉಣುಗು (ಉಣ್ಣೆ) ಕಚ್ಚಿದಾಗ. ಸಾಸಿವೆ ಕಾಳಿಗಿಂತ ಚಿಕ್ಕದಾದ ಮರಿ ಉಣುಗುಗಳು ಒಣಹವೆಯಲ್ಲಿ ಹೆಚ್ಚುತ್ತವೆ. ಡಿಸೆಂಬರಿನಿಂದ ಮೇ ತನಕ ಕಾಯಿಲೆಯ ಕಾಲ. ನಿಮ್ಮ ಮಕ್ಕಳ ರಜೆ ಅದರೊಳಗೇ ಬೀಳುತ್ತದೆ ಎಂಬುದು ನಿಜ. ಹಾಗೆಂದು ಇಡೀ ತಾಲ್ಲೂಕಿಗೆ ಹೆದರಬೇಕಿಲ್ಲ. ಕಾಯಿಲೆ ಊರೂರಿಗೆ, ಕೇರಿ ಕೇರಿಗೆ ಗುಂಪಾಗಿ ಕಾಣಿಸಿಕೊಳ್ಳುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಾಗೇ ಆಯಿತು. ಆದ್ದರಿಂದ ಹೊರಡುವ ವಾರ ಅಣ್ಣನ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿಸಿ ಎರಡು ಪ್ರಶ್ನೆ ಕೇಳಿ: ಈ ವರ್ಷ ಸುತ್ತಮುತ್ತ ಯಾರಿಗಾದರೂ ಬಂದಿದೆಯೇ, ಮಂಗ ಸತ್ತು ಬಿದ್ದಿದೆಯೇ? ಯಾವುದಕ್ಕಾದರೂ ಹೌದೆಂಬ ಉತ್ತರ ಬಂದರೆ ಈ ಬೇಸಿಗೆ ಕಳಿಸಬೇಡಿ. ಈ ಕಾಯಿಲೆಗೆ ನಿರ್ದಿಷ್ಟ ಔಷಧಿ ಇಲ್ಲ, ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ, ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ.

ಇಲ್ಲವೆಂದರೂ ಒಂದು ಎಚ್ಚರಿಕೆ ಬೇಕು, ಅದು ದರಗಿನ ಬಗ್ಗೆ. ಬೇಸಿಗೆಯಲ್ಲಿ ಕಾಡಿನಿಂದ ಒಣ ಎಲೆ ಗುಡಿಸಿ ತಂದು ಕೊಟ್ಟಿಗೆಯ ಪಕ್ಕ ಆಳೆತ್ತರ ರಾಶಿ ಹಾಕುತ್ತಾರೆ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಆಟದ ಜಾಗವಿಲ್ಲ, ಮೇಲಿಂದ ಹಾರುತ್ತಾರೆ, ಒಳಗೆ ಹೂತುಕೊಳ್ಳುತ್ತಾರೆ. ಉಣುಗು ಕಾಡಿನಿಂದ ಅಂಗಳಕ್ಕೆ ಬರುವ ಹೆದ್ದಾರಿಯೂ ಅದೇ ರಾಶಿ. ಆ ರಾಶಿ, ಕಾಡಿನಂಚು, ಮೇದು ಬಂದ ದನದ ಮೈ ಈ ಮೂರರಿಂದ ಮಕ್ಕಳನ್ನು ದೂರ ಇಡಿ. ತೋಟಕ್ಕೆ ಹೋಗುವಾಗ ತಿಳಿ ಬಣ್ಣದ ಉದ್ದ ಪ್ಯಾಂಟು, ಅದರ ತುದಿ ಸಾಕ್ಸಿನೊಳಗೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಕ್ಕರೆ ದೊಡ್ಡವರೇ ಮಕ್ಕಳ ಕೈಕಾಲಿಗೆ ಸವರಲಿ. ಮುಖ, ಗಾಯ, ಚಿಕ್ಕವನ ಅಂಗೈ ಬಿಟ್ಟು. ಸಂಜೆ ಸೋಪು ಹಚ್ಚಿ ಬಿಸಿನೀರ ಸ್ನಾನ, ಹಾಕಿದ ಬಟ್ಟೆ ನೇರ ಬಿಸಿನೀರಿಗೆ. ಸ್ನಾನದ ಹೊತ್ತಿಗೆ ಕಿವಿಯ ಹಿಂದೆ, ಕೂದಲೊಳಗೆ, ಕಂಕುಳು, ಹೊಕ್ಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ ಕೈಯಾಡಿಸಿ ನೋಡಬೇಕು. ಕಚ್ಚಿಕೊಂಡಿದ್ದರೆ ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೀಡಿಯ ಕಿಡಿ ಯಾವುದೂ ಬೇಡ. ಕೆಣಕಿದಷ್ಟೂ ಅದು ತನ್ನ ಜೊಲ್ಲನ್ನು ಗಾಯದೊಳಗೆ ಇಳಿಸುತ್ತದೆ.

ಹಾವಿನ ಬಗ್ಗೆ ನಿಮ್ಮ ಯಜಮಾನರಿಗೆ ಹೀಗೆ ಹೇಳಿ. ಆಗುಂಬೆ ಕಡೆಯ ಕಾಳಿಂಗ ಎಂದರೆ ಎಲ್ಲರಿಗೂ ನಡುಕ, ಅದು ಮನುಷ್ಯರನ್ನು ಕಚ್ಚುವುದು ಬಹಳ ಅಪರೂಪ. ಮಕ್ಕಳ ವಿಷಯದಲ್ಲಿ ನಮಗೆ ಭಯ ರಾತ್ರಿಯ ಕಟ್ಟುಹಾವಿನದು, ಕೆಲವೆಡೆ ಕಡಂಬಳ ಎನ್ನುತ್ತಾರೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವಿಲ್ಲ, ಎಷ್ಟೋ ಸಲ ಗುರುತೂ ಕಾಣದು. ಬೆಳಗಿನ ಜಾವ ಮಗು ಹೊಟ್ಟೆನೋವು ಎಂದು ಏಳುತ್ತದೆ, ಆಮೇಲೆ ಕಣ್ಣರೆಪ್ಪೆ ಬಿದ್ದುಹೋಗುತ್ತದೆ, ಮಾತು ತೊದಲುತ್ತದೆ. ಅಜೀರ್ಣ ಎಂದು ಕಷಾಯ ಕುಡಿಸುತ್ತಾ ಕೂತರೆ ಉಸಿರು ನಿಲ್ಲುವ ಹಂತ ಬರುತ್ತದೆ. ರಜೆಯಲ್ಲಿ ಮಕ್ಕಳೆಲ್ಲ ಜಗಲಿಯಲ್ಲಿ ಸಾಲಾಗಿ ಚಾಪೆ ಹಾಕಿ ಮಲಗುವುದು ಚೆಂದವೇ. ಆದರೆ ಮಂಚ, ಸೊಳ್ಳೆಪರದೆ, ಪರದೆಯ ಅಂಚು ಹಾಸಿಗೆಯ ಅಡಿಗೆ ಸಿಕ್ಕಿಸಿರುವುದು, ಇಷ್ಟು ಬೇಕು. ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಟಾರ್ಚು, ಸೌದೆ ರಾಶಿಗೆ, ಕಲ್ಲು ಸಂದಿಗೆ ಕೈ ಹಾಕಬಾರದು.

ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು, ನಾಟಿ ಮದ್ದು ಯಾವುದೂ ಇಲ್ಲ. ಬಳೆ, ಗೆಜ್ಜೆ, ಉಡಿದಾರ ತೆಗೆದು, ಕೈ ಅಥವಾ ಕಾಲಿಗೆ ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಿ, ನಡೆಸದೆ ಎತ್ತಿಕೊಂಡು ಸರ್ಕಾರಿ ತಾಲ್ಲೂಕು ಆಸ್ಪತ್ರೆಗೆ. ವಿಷಕ್ಕೆ ಪ್ರತಿಮದ್ದು ಅಲ್ಲಿ ಉಚಿತ, ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ ಕೊಡುತ್ತೇವೆ, ಏಕೆಂದರೆ ಹಾವು ವಯಸ್ಸು ನೋಡಿ ವಿಷ ಕಡಿಮೆ ಬಿಡುವುದಿಲ್ಲ. ಹಾವನ್ನು ಹೊಡೆದು ತರುವುದು ಬೇಡ. ಮನೆಯಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ನಿಲ್ಲುತ್ತದೆ, ರಾತ್ರಿ ಯಾರ ಜೀಪು ಸಿಗುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. 108 ಬರುವುದಕ್ಕೆ ಘಟ್ಟದ ರಸ್ತೆಯಲ್ಲಿ ಹೊತ್ತು ಹಿಡಿಯುತ್ತದೆ.

ವಿಷದ ಡಬ್ಬಗಳೆಂದೆನಲ್ಲ, ಅದಕ್ಕೂ ಮೇ ತಿಂಗಳಿಗೂ ನಂಟಿದೆ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದ ಮುನ್ನ ಬೋರ್ಡೋ ದ್ರಾವಣ ಹೊಡೆಯಬೇಕು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹಾಗಾಗಿ ಮೈಲುತುತ್ತದ ಚೀಲ ಮೇ ತಿಂಗಳಲ್ಲೇ ಮನೆಗೆ ಬಂದು ಜಗಲಿಯ ಮೂಲೆಯಲ್ಲಿ ಕೂರುತ್ತದೆ. ಹೊಳೆಯುವ ನೀಲಿ ಹರಳು, ಕಲ್ಲುಸಕ್ಕರೆಯಂತೆಯೇ. 5 ವರ್ಷದವನ ಕೈ ಅಲ್ಲಿಗೆ ಹೋಗದೇ ಇರುವುದಿಲ್ಲ. ಬಾಯಿ, ಗಂಟಲು, ಹೊಟ್ಟೆ ಸುಡುತ್ತದೆ; ಹೆಚ್ಚು ಹೋದರೆ ಮೂತ್ರಪಿಂಡ, ಯಕೃತ್ತು ಕೆಡುತ್ತದೆ. ಕಳೆನಾಶಕ ಇನ್ನೂ ಕೆಟ್ಟದು: ಪ್ಯಾರಾಕ್ವಾಟ್‌ಗೆ ಪ್ರತಿಮದ್ದೇ ಇಲ್ಲ. ಅಳೆಯಲು ಅನುಕೂಲವೆಂದು ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸ ಎಲ್ಲೆಡೆ ಇದೆ. ಎಲ್ಲವೂ ಮೂಲ ಡಬ್ಬದಲ್ಲೇ, ಬೀಗ ಹಾಕಿದ ಕೋಣೆಯಲ್ಲಿರಬೇಕು. ನುಂಗಿದ್ದಾನೆ ಎಂದು ಅನುಮಾನವಾದರೆ ವಾಂತಿ ಮಾಡಿಸಬೇಡಿ, ಡಬ್ಬದ ಸಮೇತ ಆಸ್ಪತ್ರೆಗೆ ಓಡಿ. ಬೇಲಿ ಸಾಲಿನ ಕಾಡುಹರಳಿನ ಬೀಜವನ್ನೂ ಮಗಳಿಗೆ ತೋರಿಸಿಡಿ. ಕಡಲೆಬೀಜದ ರುಚಿ ಇರುವುದರಿಂದ ಮಕ್ಕಳು ಗುಂಪಾಗಿ ತಿಂದು ವಾಂತಿಭೇದಿಯಲ್ಲಿ ಗುಂಪಾಗಿಯೇ ಬರುತ್ತಾರೆ.

ಉಳಿದದ್ದು ಚುಟುಕಾಗಿ. ನಾಯಿಗೆ ರೇಬಿಸ್ ಲಸಿಕೆ ಹಾಕಿಸಿದ ಚೀಟಿ ಕೇಳಿ. ಸಾಕಿದ ನಾಯಿ ಪರಚಿದರೂ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಶುರುಮಾಡಬೇಕು. ಉಳಿದ ಡೋಸುಗಳನ್ನು ಬೆಂಗಳೂರಿನಲ್ಲಿ ಮುಂದುವರಿಸಬಹುದು. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕುಡಿಯಲಿ, ಹಾಲೂ ಅಷ್ಟೇ. ಮೇ ತಿಂಗಳ ಗುಡುಗುಮಳೆಗೆ ಮಾವಿನಕಾಯಿ ಆರಿಸಲು ಓಡುವುದು ಮಕ್ಕಳಿಗೆ ಹಬ್ಬ. ಗುಡುಗು ಕೇಳಿದ ಕೂಡಲೇ ಮನೆಯೊಳಗೆ ಎಂಬುದು ಕಟ್ಟುನಿಟ್ಟಾಗಿರಲಿ. ಸಿಡಿಲಿನ ಜೊತೆಗೆ, ಕೊಳೆತು ನಿಂತ ಅಡಿಕೆ ಮರ ಮುರಿದು ಬೀಳುವುದೂ ಆ ಗಾಳಿಗೇ.

ಔಷಧಿ ಕೇಳಿದ್ದೀರಿ. ಪೆಟ್ಟಿಗೆ ದೊಡ್ಡದಾಗಬೇಕಿಲ್ಲ: ಪ್ಯಾರಾಸಿಟಮಾಲ್, 1 ಲೀಟರ್ ಅಳತೆಯ ಓಆರ್‌ಎಸ್ ಪೊಟ್ಟಣ ನಾಲ್ಕಾರು, ಚಿಮುಟ, ಥರ್ಮಾಮೀಟರು, ಬ್ಯಾಂಡೇಜು. ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಗೆ 120 ಅಥವಾ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ, ಗೊಂದಲ ಅಲ್ಲೇ ಆಗುವುದು. 17 ಕಿಲೋ ಮಗುವಿಗೆ 250ರ ಬಾಟಲಿಯಲ್ಲಿ ಸಲಕ್ಕೆ 5 ಮಿಲಿ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದುಕೊಡಿ. ಐಬುಪ್ರೊಫೆನ್, ಆಸ್ಪಿರಿನ್ ಕಳಿಸಲೇಬೇಡಿ. ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಮಗನಿಗೆ 5 ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯೇ ನೋಡಿ.

ಇನ್ನು ನಿರ್ಧಾರ. ಬೇಲಿ ಆಗಿದೆ, ಆಶಾ ಕಾರ್ಯಕರ್ತೆಯಿಂದ ಒಳ್ಳೆಯ ಸುದ್ದಿ ಬಂದಿದೆ, ಕಣ್ಣಿಡಲು ಅಜ್ಜಿಯೋ ಬೇರೆ ಯಾರೋ ದೊಡ್ಡವರು ಜೊತೆಗಿದ್ದಾರೆ ಎಂದಾದರೆ ಇಬ್ಬರನ್ನೂ ಕಳಿಸಿ, ಆದರೆ ಐದು ವಾರ ಬೇಡ, ಎರಡು ವಾರ. 5 ವರ್ಷದವನು ಅಮ್ಮನನ್ನು ಬಿಟ್ಟು ಅದಕ್ಕಿಂತ ಹೆಚ್ಚು ದಿನ ಇದ್ದರೆ ಅಳುವಿನ ಹೊರೆ ಅಕ್ಕನ ತಲೆಗೆ ಬರುತ್ತದೆ. ದೊಡ್ಡವರ ಎಚ್ಚರವೂ ಮೂರನೇ ವಾರಕ್ಕೆ ಸಡಿಲವಾಗುತ್ತದೆ. ನೋಡಿಕೊಳ್ಳಲು ಯಾರೂ ಇಲ್ಲವೆಂದರೆ ಮಗಳನ್ನು ಮಾತ್ರ ಕಳಿಸಿ, ಮಗನಿಗೆ ಇನ್ನೆರಡು ವರ್ಷ ತಡೆಯಿರಿ. ತಾರತಮ್ಯವೆಂದು ಅವನು ಒಂದೆರಡು ದಿನ ಮುನಿಸಿಕೊಂಡರೂ ಪರವಾಗಿಲ್ಲ. ಊರಿನಲ್ಲಿ ಮಂಗನ ಕಾಯಿಲೆಯ ಸುದ್ದಿ ಇದ್ದರೆ ದಸರಾ ರಜೆಗೆ ಮುಂದೂಡುವುದು ಒಳ್ಳೆಯ ದಾರಿ. ಆಗ ಉಣುಗಿನ ಕಾಲವಲ್ಲ, ಇಂಬಳ (ಜಿಗಣೆ) ಹತ್ತಬಹುದು, ಅದರಿಂದ ರಕ್ತ ಬಂದು ಮಕ್ಕಳು ಗಾಬರಿಯಾಗುವುದು ಬಿಟ್ಟರೆ ಕೇಡಿಲ್ಲ. ಆದರೆ ಹೊಂಡ ತುಂಬಿರುತ್ತದೆ, ಬೇಲಿ ಆಗಲೂ ಬೇಕು. ಬೇಸಿಗೆ ಶಿಬಿರ ಕೆಟ್ಟದ್ದೇನಲ್ಲ. ಈಜುಕೊಳ ಇರುವ ಶಿಬಿರವಾದರೆ ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ನೀರಿನ ಬಳಿ ಯಾರಿರುತ್ತಾರೆ ಎಂಬುದೇ.

ಮಕ್ಕಳು ವಾಪಸಾದ ಮೂರು ವಾರದೊಳಗೆ ಯಾರಿಗೇ ಜ್ವರ ಬಂದರೂ ಬೆಂಗಳೂರಿನ ವೈದ್ಯರಿಗೆ ಮೊದಲ ಮಾತಿಗೇ ಊರಿನ ಹೆಸರು, ಹೋಗಿದ್ದ ತಾರೀಕು, ಉಣುಗು ಕಚ್ಚಿತ್ತೇ ಎಂಬುದನ್ನು ಹೇಳಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನಕ್ಕೆ ಏಕಾಏಕಿ ಜ್ವರ, ತಲೆನೋವು, ಮೈಕೈ ಮುರಿಯುವ ನೋವಾಗಿ ಶುರುವಾಗುತ್ತದೆ. ಪೊದೆಯ ಸಣ್ಣ ಹುಳ ಕಚ್ಚಿ ಬರುವ ಇನ್ನೊಂದು ಜ್ವರ, ಸ್ಕ್ರಬ್ ಟೈಫಸ್, ಮೂರು ವಾರದ ತನಕ ತಡವಾಗಿಯೂ ಬರಬಹುದು. ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಇದ್ದರೆ ತೋರಿಸಿ, ಅದು ಈ ಜ್ವರದ ಗುರುತು; ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ.